ಅಂಗಳದ ಮರವೂ ನಾಡಿನ ಹೊಣೆಯೂ

ಮನೆಯ ಮುಂದೆ ಒಂದು ಮರವಿರಬೇಕೆಂಬುದು ನಮ್ಮ ಜನರಲ್ಲಿ ಬಹುಕಾಲದಿಂದ ಬಂದಿರುವ ಆಶೆ. ನಿವೇಶನವು ಮೂವತ್ತು ನಲವತ್ತು ಅಡಿಗಳದಾದರೂ ಸರಿಯೆ, ಅದರ ಒಂದು ಮೂಲೆಯಲ್ಲಿ ಹಸುರು ಕಾಣಬೇಕು, ಬೇಸಗೆಯಲ್ಲಿ ನೆರಳು ಬೀಳಬೇಕು, ವರುಷಕ್ಕೊಮ್ಮೆಯಾದರೂ ಹೂವು ಅರಳಬೇಕು ಎಂದು ಗೃಹಸ್ಥನು ಬಯಸುತ್ತಾನೆ. ಈ ಬಯಕೆಯು ಸ್ತುತ್ಯವಾದುದೇ ಸರಿ. ಆದರೆ ಆ ಮರವು ಯಾವುದಾಗಿರಬೇಕೆಂಬ ಪ್ರಶ್ನೆ ಬಂದಾಗ ಅವನು ಹೆಚ್ಚಾಗಿ ಯೋಚಿಸುವುದಿಲ್ಲ. ಬೇಗ ಬೆಳೆಯಬೇಕು, ದನ ಆಡು ಬಾಯಿ ಹಾಕಬಾರದು, ನೀರು ಆರೈಕೆ ಬೇಡದಿರಬೇಕು, ಹೂವು ರಾಶಿಯಾಗಿ ಬಿಡಬೇಕು. ಈ ನಾಲ್ಕು ಗುಣಗಳನ್ನು ಕೇಳಿ, ಸಸಿ ಮಾರುವವನು ಕೊಟ್ಟುದನ್ನು ತಂದು ನೆಡುತ್ತಾನೆ. ಈ ನಾಲ್ಕು ಗುಣಗಳೇ ಕಳೆಯ ಲಕ್ಷಣಗಳೂ ಆಗಿವೆ ಎಂಬ ಮಾತು ಅವನ ಲಕ್ಷ್ಯಕ್ಕೆ ಬರುವುದಿಲ್ಲ.

ಅಂಗಳಕ್ಕೆ ಗೋಡೆಯುಂಟು, ಬೀಜಕ್ಕೆ ಗೋಡೆಯಿಲ್ಲ. ಗಾಳಿಯಲ್ಲಿ ಹಾರಿ, ಮಳೆಯ ನೀರಿನಲ್ಲಿ ಹರಿದು, ಹಕ್ಕಿಯ ಹೊಟ್ಟೆಯಲ್ಲಿ ಕುಳಿತು, ಮಣ್ಣು ಸಾಗಿಸುವ ಲಾರಿಯಲ್ಲಿ ಸೇರಿ ಅದು ಊರು ಬಿಟ್ಟು ಊರಿಗೆ ಹೋಗುತ್ತದೆ. ಆದುದರಿಂದ ಮನೆಯಂಗಳದಲ್ಲಿ ಯಾವ ಮರವನ್ನು ಬೆಳೆಸಬೇಕೆಂಬುದು ಮನೆಯ ಯಜಮಾನನ ಸ್ವಂತ ರುಚಿಯ ವಿಷಯವೆಂದು ಕೈಬಿಡತಕ್ಕದ್ದಲ್ಲ. ಅದು ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ವಿಷಯ. ಈ ಮಾತು ಅತಿಶಯೋಕ್ತಿಯೆಂದು ತೋರುವವರು ನಮ್ಮ ರಾಜ್ಯದ ದಕ್ಷಿಣದ ಗಡಿಯ ಕಾಡುಗಳ ಕಡೆಗೆ ಒಮ್ಮೆ ದೃಷ್ಟಿ ಹಾಯಿಸಬೇಕು.

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಅವುಗಳಿಗೆ ತಾಗಿರುವ ಕೇರಳದ ವಯನಾಡು ಮತ್ತು ತಮಿಳುನಾಡಿನ ಮುದುಮಲೆ, ಈ ಅರಣ್ಯಗಳಲ್ಲಿ ಇಂದು ಹಳದಿ ಹೂವಿನ ಒಂದು ಮರವು ಹಬ್ಬಿ ನಿಂತಿದೆ. ಸಸ್ಯಶಾಸ್ತ್ರಜ್ಞರು ಅದನ್ನು ಸೆನ್ನಾ ಸ್ಪೆಕ್ಟಾಬಿಲಿಸ್ ಎಂದು ಕರೆಯುತ್ತಾರೆ. ಅದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಅದು ಇಲ್ಲಿಗೆ ಕಳೆಯಾಗಿ ಬರಲಿಲ್ಲ. ಅಲಂಕಾರಕ್ಕಾಗಿ, ನೆರಳಿಗಾಗಿ, ಬೇಗ ಬೆಳೆಯುವುದೆಂಬ ಕೀರ್ತಿಯನ್ನು ಹೊತ್ತು ಬಂದಿತು. ವಯನಾಡಿನಲ್ಲಿ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅದನ್ನು ನೆಟ್ಟರು. ಅದರ ಹೂವನ್ನು ಕಂಡವರು, ನಮ್ಮ ಕಕ್ಕೆಯ ಮರವೇ ಇರಬೇಕೆಂದು ಮೋಸಹೋದದ್ದೂ ಉಂಟು. ಇಂದು ಅಲ್ಲಿಯ ಜನ ಅದಕ್ಕಿಟ್ಟಿರುವ ಹೆಸರು ರಾಕ್ಷಸಕೊನ್ನ, ಎಂದರೆ ರಾಕ್ಷಸಕಕ್ಕೆ. ಕೇವಲ ನಾಲ್ಕು ದಶಕಗಳಲ್ಲಿ ಅಲಂಕಾರದ ಮರವು ರಾಕ್ಷಸನೆಂಬ ಹೆಸರನ್ನು ಸಂಪಾದಿಸಿಕೊಂಡಿತು.

ಹೆಸರು ಸುಮ್ಮನೆ ಬಂದುದಲ್ಲ. ಈ ಮರದ ಎಲೆಯನ್ನು ಜಿಂಕೆಯಾಗಲಿ ಆನೆಯಾಗಲಿ ಸಾಧಾರಣವಾಗಿ ಮುಟ್ಟುವುದಿಲ್ಲ. ಅದರ ದಟ್ಟವಾದ ನೆರಳಿನ ಕೆಳಗೆ ಹುಲ್ಲು ಏಳುವುದಿಲ್ಲ, ಬೇರೆ ಮರಗಳ ಸಸಿಗಳು ತಲೆಯೆತ್ತುವುದಿಲ್ಲ. ಒಂದೊಂದು ಮರವೂ ವರುಷ ವರುಷವೂ ಸಾವಿರಗಟ್ಟಲೆ ಬೀಜಗಳನ್ನು ಚೆಲ್ಲುತ್ತದೆ. ಕಡಿದರೆ ಬುಡದಿಂದ ಒಂದರ ಬದಲು ಹತ್ತಾರು ಚಿಗುರು ಒಡೆಯುತ್ತವೆ. ಹುಲ್ಲು ಹೋದ ಕಾಡಿನಲ್ಲಿ ಮೇಯುವ ಪ್ರಾಣಿಗೆ ಆಹಾರವೆಲ್ಲಿ? ಮೇವು ಕಾಣದ ಆನೆ, ಕಾಟಿಗಳು ಕಾಡಂಚಿನ ರೈತನ ಹೊಲದತ್ತ ಮುಖ ಮಾಡಿದರೆ ಆಶ್ಚರ್ಯಪಡುವುದೇಕೆ? ಪೇಟೆಯಲ್ಲಿ ಹೂವಿನ ಅಂದಕ್ಕಾಗಿ ಆರಿಸಿದ ಮರದ ಫಲವನ್ನು ಕೊನೆಗೆ ಉಣ್ಣಬೇಕಾಗುವವನು ಗುಂಡ್ಲುಪೇಟೆಯ ಕಡೆಯ ಬಡ ಒಕ್ಕಲಿಗನು.

ಈ ಮರವನ್ನು ತೆಗೆಸುವ ಕಾರ್ಯವು ಈಗ ಸರಕಾರಗಳಿಗೆ ದೊಡ್ಡ ಹೊರೆಯಾಗಿ ಪರಿಣಮಿಸಿದೆ. ಮದರಾಸು ಉಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಆಜ್ಞೆಗಳನ್ನು ಮಾಡಿತು; ತಮಿಳುನಾಡು ಸರಕಾರವು 2022ರಲ್ಲಿ ಆಕ್ರಮಣಕಾರಿ ಸಸ್ಯಗಳ ಬಗ್ಗೆ ಪ್ರತ್ಯೇಕವಾದ ಒಂದು ನೀತಿಯನ್ನೇ ಹೊರಡಿಸಿತು. ಕಡಿದ ಮರವನ್ನು ಕಾಗದದ ಕಾರ್ಖಾನೆಗೆ ಕಳುಹಿಸುವುದು, ನಿಂತ ಮರದ ತೊಗಟೆಯನ್ನು ಬುಡದಿಂದ ಒಂದಾಳು ಎದೆಯೆತ್ತರದವರೆಗೆ ಸುಲಿದು ಒಣಗಿಸುವುದು, ಎಳೆಯ ಸಸಿಗಳನ್ನು ಬೇರುಸಹಿತ ಕೀಳುವುದು, ಹೀಗೆ ನಾನಾ ಉಪಾಯಗಳು ನಡೆದಿವೆ. ನೆಡುವಾಗ ಒಂದು ಗುಣಿಯ ಶ್ರಮ. ಕೀಳುವಾಗ ಒಂದು ತಲೆಮಾರಿನ ಶ್ರಮ.

ಇದು ನಮಗೆ ಹೊಸ ಪಾಠವೇನೂ ಅಲ್ಲ. ಇಂದು ನಮ್ಮ ಕಾಡುಗಳ ಕೆಳಸ್ತರವನ್ನೆಲ್ಲ ಮುಚ್ಚಿರುವ ಲಂಟಾನವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ಚಂದದ ಹೂವಿನ ಗಿಡವಾಗಿ ಬಂದಿತು, ತೋಟದ ಬೇಲಿಯಾಯಿತು, ಬೇಲಿಯಿಂದ ಕಾಡಾಯಿತು. ನೇರಳೆ ಬಣ್ಣದ ಹೂ ಬಿಟ್ಟು ಬೆಂಗಳೂರಿನ ಕೆರೆಗಳನ್ನು ಹಾಸಿದಂತೆ ಮುಚ್ಚುವ ಜಲಕಳೆಯೂ ಕೊಳದ ಅಲಂಕಾರಕ್ಕೆಂದು ತಂದುದೇ. ಬಂಗಾಳದಲ್ಲಿ ಅದರ ಹಾವಳಿ ಎಷ್ಟು ಮಿತಿಮೀರಿತೆಂದರೆ 1936ರಲ್ಲಿ ಅದನ್ನು ನಿರ್ಮೂಲ ಮಾಡುವುದಕ್ಕಾಗಿಯೇ ಅಲ್ಲಿ ಒಂದು ಕಾಯಿದೆ ಮಾಡಬೇಕಾಯಿತು. ಬಳ್ಳಾರಿ ಜಾಲಿಯ ಕಥೆಯಂತೂ ಬಯಲುಸೀಮೆಯವರಿಗೆ ಹೇಳಬೇಕಾದುದಿಲ್ಲ. ಸೌದೆಗೂ ಹಸುರಿಗೂ ಉಪಯುಕ್ತವೆಂದು ತಂದ ಅದು ಗೋಮಾಳವನ್ನೂ ಕೆರೆಯ ಅಂಗಳವನ್ನೂ ಹಳ್ಳದ ದಂಡೆಯನ್ನೂ ನುಂಗಿ ಕುಳಿತಿದೆ. ತಂದವರ ಉದ್ದೇಶವು ಒಳ್ಳೆಯದೇ ಆಗಿತ್ತು. ಆದರೆ ಉದ್ದೇಶವು ಬೀಜಕ್ಕೆ ತಿಳಿಯುವುದಿಲ್ಲ.

ಇನ್ನು ನಮ್ಮ ಊರುಗಳ ಅಂಗಳಗಳನ್ನೇ ನೋಡೋಣ. ಕೆಂಪು ಹೂವಿನ ನೀರುಕಾಯಿ ಮರವನ್ನು ಅರಿಯದವರು ಯಾರು? ಅದರ ಮೊಗ್ಗನ್ನು ಹಿಸುಕಿ ನೀರು ಚಿಮ್ಮಿಸಿ ಆಡದ ಮಗು ನಮ್ಮ ಊರುಗಳಲ್ಲಿ ವಿರಳ. ಅದು ಆಫ್ರಿಕದ ಉಷ್ಣಪ್ರದೇಶದ ಮರ. ಒಂದೊಂದು ಕಾಯಿಯಲ್ಲಿಯೂ ಕಾಗದದಂತಹ ರೆಕ್ಕೆಯುಳ್ಳ ನೂರಾರು ಬೀಜಗಳಿರುತ್ತವೆ. ಕಾಯಿ ಬಿರಿದೊಡನೆ ಅವು ಗಾಳಿಯ ಪಾಲು. ಬೇರಿನಿಂದಲೂ ಚಿಗುರು ಹೊರಡುತ್ತದೆ. ಫಿಜಿ, ಹವಾಯಿ ಮೊದಲಾದ ದ್ವೀಪಗಳಲ್ಲಿ ಈ ಮರವು ಬಿಟ್ಟ ಹೊಲಗಳನ್ನೂ ಕಾಡಿನಂಚುಗಳನ್ನೂ ಆಕ್ರಮಿಸಿದೆ. ಇದರ ಹೂವಿನೊಳಗೆ ಮುಜಂಟಿಯ ಜಾತಿಯ ಸಣ್ಣ ಜೇನುಗಳು ಸತ್ತು ಬಿದ್ದಿರುವುದನ್ನು ಬ್ರೆಜಿಲ್ ದೇಶದ ಶಾಸ್ತ್ರಜ್ಞರು ಬರೆದಿಟ್ಟಿದ್ದಾರೆ. ಮೇವಿಗೂ ಹಸುರು ಗೊಬ್ಬರಕ್ಕೂ ಒಳ್ಳೆಯದೆಂದು ಪ್ರಚಾರಪಡೆದ ಮೆಕ್ಸಿಕೋ ಕಡೆಯ ಸುಬಾಬುಲ್ ಈಗ ಖಾಲಿ ನಿವೇಶನಗಳಲ್ಲಿ, ರೈಲುದಾರಿಯ ಬದಿಗಳಲ್ಲಿ ತಾನಾಗಿಯೇ ಪೊದೆಗಟ್ಟುತ್ತದೆ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟದವರು 2000ದಲ್ಲಿ ಪ್ರಕಟಿಸಿದ, ಜಗತ್ತಿನ ಅತ್ಯಂತ ಹಾನಿಕರವಾದ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ನೀರುಕಾಯಿ ಮರ, ಸುಬಾಬುಲ್, ಲಂಟಾನ ಈ ಮೂರೂ ಸೇರಿವೆ. ಮೂರೂ ನಮ್ಮ ಮನೆಯ ಸುತ್ತಿನಲ್ಲಿಯೇ ಇವೆ. ಈಚೆಗೆ ಬೇಲಿಗೂ ಮರೆಗೂ ಎಂದು ಸಾಲುಸಾಲಾಗಿ ನೆಡುತ್ತಿರುವ ಕೊನೊಕಾರ್ಪಸ್ ಎಂಬ ಮರವನ್ನು ಇನ್ನು ನೆಡಕೂಡದೆಂದು ಗುಜರಾತ ಸರಕಾರವು 2023ರಲ್ಲಿ ಅಪ್ಪಣೆ ಮಾಡಿದ ಸಂಗತಿಯನ್ನೂ ಇಲ್ಲಿ ನೆನೆಯಬಹುದು.

ಇಷ್ಟು ಹೇಳಿದ ಮಾತ್ರಕ್ಕೆ, ಹೊರಗಿನಿಂದ ಬಂದ ಮರಗಳೆಲ್ಲ ಶತ್ರುಗಳೆಂದು ನಮ್ಮ ಅಭಿಪ್ರಾಯವೆಂದು ವಾಚಕ ಮಹಾಶಯರು ತಿಳಿಯಬಾರದು. ಸ್ವದೇಶಾಭಿಮಾನವು ವಿವೇಕವನ್ನು ಬಿಟ್ಟರೆ ಅದು ಅಭಿಮಾನವಾಗದೆ ಹಟವಾಗುತ್ತದೆ. ನಮ್ಮ ಸಾರಿನ ಹುಣಸೆ ಆಫ್ರಿಕದಿಂದ ಬಂದುದು. ಮೆಣಸಿನಕಾಯಿ, ಸೀಬೆ, ಸೀತಾಫಲ, ಗೋಡಂಬಿಗಳು ಅಮೆರಿಕದಿಂದ ಬಂದುವು. ದೇವಾಲಯದ ಅಂಗಳದಲ್ಲಿ ನಿಂತು ದೇವರ ಮುಡಿಗೇರುವ ದೇವಕಣಗಿಲೆಯೂ ಅಮೆರಿಕದ್ದೇ. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನಲ್ಲಿಯೂ, 1908ರಿಂದ ಮೈಸೂರು ಸಂಸ್ಥಾನದ ಉದ್ಯಾನಗಳ ಹೊಣೆ ಹೊತ್ತ ಕೃಂಬಿಗಲ್ ಅವರು ರೂಪಿಸಿದ ಬೆಂಗಳೂರಿನ ಸಾಲುಮರಗಳಲ್ಲಿಯೂ ಪರದೇಶದ ಮರಗಳು ಹೇರಳವಾಗಿವೆ. ಅವುಗಳಲ್ಲಿ ಬಹುಪಾಲು ತಮ್ಮ ಸ್ಥಾನದಲ್ಲಿ ನಿಂತು ಹೂವನ್ನೂ ನೆರಳನ್ನೂ ಕೊಡುತ್ತಿವೆಯೇ ಹೊರತು ಯಾರ ನೆಲವನ್ನೂ ಕಸಿದುಕೊಂಡಿಲ್ಲ. 2023ರಲ್ಲಿ ಅಂತರ್ ಸರಕಾರೀ ಜೀವವೈವಿಧ್ಯ ವೇದಿಕೆಯು ಪ್ರಕಟಿಸಿದ ವರದಿಯೂ ಇದನ್ನೇ ಹೇಳುತ್ತದೆ. ಮನುಷ್ಯನ ಕೈಯಿಂದ ಜಗತ್ತಿನ ನಾನಾ ಕಡೆಗಳಿಗೆ ಹೋಗಿ ನೆಲೆಸಿದ ಜೀವಜಾತಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಆಕ್ರಮಣಕಾರಿಗಳಾದವು 3,500ಕ್ಕೂ ಮಿಕ್ಕಿವೆ. ಸಸ್ಯಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ನೂರರಲ್ಲಿ 6ರಷ್ಟು ಮಾತ್ರ. ಆದರೆ ಭೂಮಿಯಿಂದ ಶಾಶ್ವತವಾಗಿ ಮರೆಯಾದ ಜೀವಜಾತಿಗಳ ಪೈಕಿ ನೂರಕ್ಕೆ 60ರಷ್ಟರ ನಾಶದಲ್ಲಿ ಈ ಆಕ್ರಮಣಕಾರಿಗಳ ಪಾಲುಂಟೆಂದು ಅದೇ ವರದಿ ತಿಳಿಸುತ್ತದೆ. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆಯು, ಈ ಮರ ಎಲ್ಲಿಂದ ಬಂದಿತು ಎಂಬುದಲ್ಲ. ನೆರೆಯವರಿಗೆ ಎಡೆಗೊಟ್ಟು ಬಾಳುವುದೋ, ಅವರನ್ನು ಒಕ್ಕಲೆಬ್ಬಿಸುವುದೋ ಎಂಬುದೇ ಆಗಿದೆ.

ಈ ವಿಷಯದಲ್ಲಿ ಕೇಳಿಬರುವ ಆಕ್ಷೇಪಣೆಗಳು ಮುಖ್ಯವಾಗಿ ಮೂರು. ನನ್ನ ಒಂದು ಮರದಿಂದ ಆಗುವುದೇನು ಎಂಬುದು ಮೊದಲನೆಯದು. ಕಾಡಿಗೆ ಹಬ್ಬಿದ ಲಂಟಾನವೂ ಮೊದಲು ಯಾರದೋ ಒಂದು ತೋಟದ ಒಂದು ಗಿಡವೇ ಆಗಿತ್ತು. ನಮ್ಮ ಊರು ಕಾಡಿನಿಂದ ದೂರವಿದೆಯಲ್ಲ ಎಂಬುದು ಎರಡನೆಯದು. ಊರಿನ ಮೋರಿ ಹಳ್ಳಕ್ಕೂ, ಹಳ್ಳವು ಹೊಳೆಗೂ ಸೇರುತ್ತದೆ. ಪೇಟೆಯವರು ಮೆಚ್ಚಿದ ಸಸಿಯನ್ನೇ ತೋಟದ ಮನೆಯವರೂ ವಿಶ್ರಾಂತಿಗೃಹದವರೂ ಕಾಡಂಚಿಗೆ ಒಯ್ದು ನೆಡುತ್ತಾರೆ. ನಿಂತ ಮರವನ್ನು ಕಡಿಯುವುದು ಪಾಪವಲ್ಲವೇ ಎಂಬುದು ಮೂರನೆಯದು. ಈ ಮಾತಿಗೆ ನಾವು ತಲೆಬಾಗುತ್ತೇವೆ. ಸುಡುವ ಬೇಸಗೆಯ ಊರಿನಲ್ಲಿ ಬೆಳೆದ ಮರವೊಂದರ ನೆರಳು ಅಲ್ಪವಸ್ತುವಲ್ಲ. ಈ ಕಾರಣದಿಂದಲೇ, ಇಂದೇ ಕೊಡಲಿ ಹಿಡಿಯಿರಿ ಎಂದು ನಾವು ಹೇಳುವುದಿಲ್ಲ. ಮೊದಲು ನೆಡಿರಿ, ಆಮೇಲೆ ತೆಗೆಯಿರಿ ಎಂದು ಹೇಳುತ್ತೇವೆ.

ಯಾವುದನ್ನು ನೆಡಬೇಕು? ಇದಕ್ಕಾಗಿ ಪರದಾಡಬೇಕಾದುದಿಲ್ಲ, ನಮ್ಮ ನಾಡಿನ ವೃಕ್ಷಸಂಪತ್ತು ಬಡವಲ್ಲ. ಹಳದಿ ಹೂವೇ ಬೇಕೆನ್ನುವವನಿಗೆ ಆರಗ್ವಧವೆಂದು ವೈದ್ಯರು ಹೊಗಳುವ ಕಕ್ಕೆಯುಂಟು. ಬೇಸಗೆಯಲ್ಲಿ ಎಲೆಯುದುರಿಸಿ ಮೈತುಂಬ ಹೊನ್ನಿನ ಗೊಂಚಲುಗಳನ್ನು ಇಳಿಬಿಟ್ಟ ಕಕ್ಕೆಯ ಮುಂದೆ ಸೆನ್ನಾದ ಸೊಬಗು ಏನು ಮಹಾ! ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದೂ ಸುಲಭ. ಕಕ್ಕೆಯ ಹೂಗೊಂಚಲು ಕೆಳಮುಖವಾಗಿ ಜೋಲುತ್ತದೆ. ಸೆನ್ನಾದ್ದು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಲ್ಲುತ್ತದೆ. ಕಕ್ಕೆಯ ಒಂದು ಎಲೆಯಲ್ಲಿ ಅಗಲವಾದ ಕಿರುಎಲೆಗಳು ಸಾಧಾರಣವಾಗಿ ನಾಲ್ಕರಿಂದ ಎಂಟು ಜತೆ. ಸೆನ್ನಾದಲ್ಲಿ ಕಿರಿದಾದ ಚೂಪು ಎಲೆಗಳು ಹತ್ತು ಜತೆಗೂ ಮಿಕ್ಕಿರುತ್ತವೆ. ಸಸಿ ಕೊಳ್ಳುವಾಗ ಇಷ್ಟನ್ನು ನೋಡಿಕೊಂಡರೆ ಮೋಸಹೋಗುವ ಪ್ರಸಂಗವಿಲ್ಲ.

ಸಣ್ಣ ಅಂಗಳದವರಿಗೆ ಪಾರಿಜಾತ, ಕರಿಬೇವು, ಬಿಲ್ವ, ಅಶೋಕಗಳು ತಕ್ಕವು. ಕರಿಬೇವೂ ಬಿಲ್ವವೂ ಅಡಿಗೆಗೆ ಪೂಜೆಗೆ ಒದಗುವುದಲ್ಲದೆ, ಬಾಲವುಳ್ಳ ಚಿಟ್ಟೆಗಳ ಜಾತಿಯ ಕಂಬಳಿಹುಳುಗಳಿಗೆ ಆಹಾರವಾಗುತ್ತವೆ. ಎಲೆ ನಾಲ್ಕು ಹೋದರೂ ಅಂಗಳಕ್ಕೆ ಚಿಟ್ಟೆ ಬರುತ್ತದೆ. ಅಶೋಕವೆಂದಾಗ ಒಂದು ಎಚ್ಚರಿಕೆಯ ಮಾತು: ಕಂಬದಂತೆ ನೆಟ್ಟಗೆ ಬೆಳೆದು ಕಚೇರಿಗಳ ಮುಂದೆ ಸಾಲುಗಟ್ಟಿರುವ ಮರವು ಜನರ ಬಾಯಲ್ಲಿ ಅಶೋಕವಾದರೂ ನಿಜವಾದ ಅಶೋಕವಲ್ಲ. ಕಿತ್ತಳೆ ಕೆಂಪು ಹೂಗೊಂಚಲಿನ ನಿಜವಾದ ಅಶೋಕವು ತೊಗಟೆಯ ವ್ಯಾಪಾರದಿಂದ ಕಾಡುಗಳಲ್ಲಿ ವಿರಳವಾಗುತ್ತಿದೆ. ಅದನ್ನು ಮನೆಯಂಗಳದಲ್ಲಿ ಉಳಿಸಿದರೆ ಅಳಿವಿನಂಚಿಗೆ ಸಾಗುತ್ತಿರುವ ಜಾತಿಯೊಂದನ್ನು ಕಾಪಾಡಿದ ಪುಣ್ಯವೂ ಬರುತ್ತದೆ.

ಮಧ್ಯಮ ಪ್ರಮಾಣದ ಅಂಗಳಕ್ಕೆ ಕಕ್ಕೆ, ಸಂಪಿಗೆ, ಬಕುಳ, ನೀಲಲೋಹಿತ ವರ್ಣದ ಹೂ ಬಿಡುವ ಹೊಳೆದಾಸವಾಳಗಳು ಒಪ್ಪುತ್ತವೆ. ವಿಶಾಲವಾದ ಹಿತ್ತಿಲುಳ್ಳವರು ಹೊಂಗೆ, ನೇರಳೆ, ನಾಗಸಂಪಿಗೆಗಳನ್ನು ಬೆಳೆಸಬಹುದು. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರ, ಬೀಜದ ಎಣ್ಣೆ ದೀಪಕ್ಕೆ ಸ್ನೇಹವೆಂಬುದನ್ನು ನಮ್ಮ ಹಿರಿಯರು ಶಾಸ್ತ್ರ ಓದದೆಯೇ ಅರಿತಿದ್ದರು. ಮಳೆ ಕಡಮೆಯಾದ ಉತ್ತರದ ಜಿಲ್ಲೆಗಳಲ್ಲಿ ಬೇವು, ಬನ್ನಿ, ಮುತ್ತುಗ, ಕಮರಗಳೂ, ಕರಾವಳಿಯಲ್ಲಿಯೂ ಮಲೆನಾಡಿನ ಇಳಿಜಾರಿನಲ್ಲಿಯೂ ಮುರುಗಲು, ಸುರಗಿ, ಬಕುಳಗಳೂ ನೆಲಕ್ಕೆ ಹೊಂದಿಕೊಂಡು ಬೆಳೆಯುತ್ತವೆ. ಬೆಳಗಾವಿಗೆ ಸಲ್ಲುವುದು ಮಂಗಳೂರಿಗೆ ಸಲ್ಲದೆ ಇರಬಹುದು; ದೇಶೀಯವೆಂದರೆ ತನ್ನ ಸೀಮೆಯ ಮಣ್ಣಿಗೂ ಮಳೆಗೂ ಹೊಂದಿದುದು ಎಂದು ಅರ್ಥಮಾಡಬೇಕು. ಆಲ, ಅರಳಿಗಳು ಪೂಜ್ಯವಾದರೂ ಗೋಡೆಯ ಬುಡಕ್ಕೆ ತಕ್ಕವಲ್ಲ. ಅವು ಗುಂಡುತೋಪಿನಲ್ಲಿ, ಕಟ್ಟೆಯ ಮೇಲೆ ಇರಲಿ.

ಇನ್ನು ಕಾರ್ಯದ ಕ್ರಮ. ಮುಂಗಾರಿನ ಮೃಗಶಿರಾ, ಆರಿದ್ರಾ ಮಳೆಗಳ ಕಾಲದಲ್ಲಿ, ಹಳೆಯ ಮರದಿಂದ ಸಾಕಷ್ಟು ದೂರದಲ್ಲಿ, ಎರಡು ಮೂರು ಅಡಿಗಳ ಗುಣಿ ತೆಗೆದು, ಕೊಳೆತ ಗೊಬ್ಬರವನ್ನು ಮಣ್ಣಿನೊಡನೆ ಬೆರಸಿ ದೇಶೀಯ ಸಸಿಯನ್ನು ನೆಡಬೇಕು. ವಿದ್ಯುತ್ತಿನ ತಂತಿಯ ಕೆಳಗೆ ಎತ್ತರದ ಮರವನ್ನು ನೆಡಬಾರದು. ಬುಡದವರೆಗೂ ಸಿಮೆಂಟು ಹಾಕಿ ಉಸಿರುಕಟ್ಟಿಸಬಾರದು. ಮೊದಲ ಎರಡು ಬೇಸಗೆಗಳಲ್ಲಿ ನೀರೆರೆಯಬೇಕು. ಅಷ್ಟರಲ್ಲಿ ಹಳೆಯ ಮರದ ಕೊಂಬೆಗಳನ್ನು ಸವರಿ ಸಸಿಗೆ ಬೆಳಕು ಬಿಡಿಸಬೇಕು; ಅದರ ಕಾಯಿಗಳನ್ನು ಬಲಿಯುವುದಕ್ಕೆ ಮೊದಲೇ ಕೊಯ್ಯಿಸಬೇಕು. ಮೂರು ನಾಲ್ಕು ವರುಷಗಳಲ್ಲಿ ಹೊಸ ಮರವು ತನ್ನ ಕಾಲ ಮೇಲೆ ನಿಂತಾಗ ಹಳೆಯದಕ್ಕೆ ಬೀಳ್ಕೊಡಬಹುದು. ಕಾಂಡವನ್ನು ಕಡಿದು ಬಿಟ್ಟರೆ ಕೆಲಸ ಮುಗಿಯಲಿಲ್ಲ. ಬುಡವನ್ನು ಅಗೆದು ಬೇರನ್ನು ತೆಗೆಯಬೇಕು. ಮಣ್ಣಿನಲ್ಲಿ ಉಳಿದ ಬೀಜಗಳು ಮೊಳೆತಂತೆಲ್ಲ ಹಲವು ಮಳೆಗಾಲಗಳವರೆಗೆ ಕೈಯಿಂದ ಕೀಳುತ್ತಿರಬೇಕು. ಕಾಯಿ ಬೀಜಗಳಿರುವ ಕಸವನ್ನು ರಸ್ತೆಯ ಬದಿಗೋ ಕೆರೆಯ ಏರಿಗೋ ಎಸೆದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಇಲ್ಲಿ ಕಾನೂನಿನ ಮಾತನ್ನೂ ಮರೆಯಬಾರದು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು 1976ರಿಂದ ಜಾರಿಯಲ್ಲಿದೆ. ಅದರಂತೆ ಸ್ವಂತ ಅಂಗಳದ ಮರವನ್ನಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ; ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಅನುಮತಿ ಕೇಳಿದವನಿಗೆ ಬದಲು ಸಸಿ ನೆಡಬೇಕೆಂದು ವಿಧಿಸುವುದಕ್ಕೂ ಅದರಲ್ಲಿ ಅವಕಾಶವಿದೆ. ಈ ಅವಕಾಶವೇ ಅಧಿಕಾರಿಗಳ ಕೈಯಲ್ಲಿರುವ ಒಳ್ಳೆಯ ಸಾಧನ. ಬದಲು ಸಸಿಯು ಯಾವುದಾದರೂ ಆಗಬಹುದೆಂದು ಬಿಡದೆ, ಆ ಸೀಮೆಯ ದೇಶೀಯ ಜಾತಿಯದೇ ಆಗಬೇಕೆಂದು ಅವರು ತಿಳಿಸಿ ಹೇಳಿದರೆ, ಮತ್ತು ಬದಲು ಮರವನ್ನು ಆಗಲೇ ಬೆಳೆಸಿ ತೋರಿಸಿದ ಗೃಹಸ್ಥನ ಅರ್ಜಿಯನ್ನು ತಿಂಗಳುಗಟ್ಟಲೆ ತೂಗುಹಾಕದೆ ತೀರ್ಮಾನಿಸಿದರೆ, ಅರ್ಧ ಕೆಲಸ ಆದಂತೆಯೇ.

ಉಳಿದ ಅರ್ಧವೂ ಬಹುಮಟ್ಟಿಗೆ ಸರಕಾರದ ಕೈಯಲ್ಲಿದೆ. ಕನ್ಹಯ್ಯಾಲಾಲ ಮುನ್ಶಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವವು ವರುಷ ವರುಷವೂ ಜುಲೈ ತಿಂಗಳಲ್ಲಿ ನಡೆಯುತ್ತದೆ. ಆ ದಿನ ಎಷ್ಟು ಸಸಿ ನೆಟ್ಟೆವೆಂದು ಲೆಕ್ಕ ಕೊಡುವವರು, ಯಾವ ಸಸಿ ನೆಟ್ಟೆವೆಂದೂ ಲೆಕ್ಕ ಕೊಡುವ ಪದ್ಧತಿ ಬರಬೇಕು. ಹೊಸ ಬಡಾವಣೆಗಳನ್ನು ರಚಿಸುವ ಪ್ರಾಧಿಕಾರಗಳೂ ಪೌರಸಭೆಗಳೂ ಶಾಲೆಗಳೂ ಆಸ್ಪತ್ರೆಗಳೂ ತಮ್ಮ ಆವರಣದಲ್ಲಿ ಆಕ್ರಮಣಕಾರಿ ಮರಗಳನ್ನು ಇನ್ನು ನೆಡುವುದಿಲ್ಲವೆಂದು ನಿಶ್ಚಯಿಸಬೇಕು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮಳೆಗಾಲದಲ್ಲಿ ಸಸಿಗಳು ಅಲ್ಪ ಬೆಲೆಗೆ ದೊರೆಯುತ್ತವೆ. ಅಲ್ಲಿ ದೇಶೀಯ ಜಾತಿಗಳು ಯಾವಾಗಲೂ ಇರುವಂತೆ ನೋಡಿಕೊಂಡರೆ, ಕೇಳಿದ ಗೃಹಸ್ಥನು ಬರಿಗೈಯಲ್ಲಿ ಹಿಂತಿರುಗಿ ಮತ್ತೆ ಬೇರೆಯದನ್ನೇ ಕೊಳ್ಳುವ ಸಂದರ್ಭ ಬಾರದು. ಒಂದು ಕೈಯಿಂದ ಕಾಡಿನಲ್ಲಿ ಸೆನ್ನಾವನ್ನು ಕೀಳಿಸುತ್ತ, ಇನ್ನೊಂದು ಕೈಯಿಂದ ಊರಿನಲ್ಲಿ ಅಂತಹುದನ್ನೇ ನೆಡಲು ಬಿಡುವುದು ಯಾವ ಆಡಳಿತಕ್ಕೂ ಶೋಭಿಸುವ ಕ್ರಮವಲ್ಲ.

ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ಸ್ವದೇಶಿಯ ವ್ರತವು ಮನೆಯಿಂದ ಆರಂಭವಾಯಿತು. ಪ್ರತಿಯೊಬ್ಬನೂ ತಾನು ಉಡುವ ಬಟ್ಟೆಯ ಹೊಣೆಯನ್ನು ತಾನು ಹೊತ್ತನು; ನನ್ನ ಒಂದು ಪಂಚೆಯಿಂದ ಆಗುವುದೇನೆಂದು ಕೇಳಲಿಲ್ಲ. ಅಂಗಳದ ಮರದ ವಿಷಯದಲ್ಲಿಯೂ ಆ ಹೊಣೆಗಾರಿಕೆಯೇ ಬೇಕು; ಅದೂ ದ್ವೇಷದಿಂದಲ್ಲ, ಲೆಕ್ಕಾಚಾರದಿಂದ. ಹುಲ್ಲಿಲ್ಲದ ಕಾಡು, ಮೇವಿಲ್ಲದ ಆನೆ, ಬೆಳೆ ಕಳೆದುಕೊಂಡ ರೈತ, ಇವೆಲ್ಲ ಒಂದು ಸರಪಳಿಯ ಕೊಂಡಿಗಳು. ಅದರ ಮೊದಲ ಕೊಂಡಿಯು ನಮ್ಮ ಅಂಗಳದಲ್ಲಿಯೂ ಇರಬಹುದು. ಬರುವ ಮಳೆಗಾಲಕ್ಕೆ ಮುಂಚೆ ಪ್ರತಿಯೊಬ್ಬ ಗೃಹಸ್ಥನೂ ತನ್ನ ಅಂಗಳದ ಮರ ಯಾವುದೆಂಬುದನ್ನು ವಿಚಾರಿಸಿ ತಿಳಿದುಕೊಳ್ಳಲಿ. ಅದು ನಿರುಪದ್ರವಿಯಾದರೆ ಸಂತೋಷ, ನೂರು ಕಾಲ ನಿಲ್ಲಲಿ. ಆಕ್ರಮಣಕಾರಿಯಾದರೆ, ಅದರ ಪಕ್ಕದಲ್ಲಿ ಒಂದು ಕಕ್ಕೆಯನ್ನೋ ಒಂದು ಸಂಪಿಗೆಯನ್ನೋ ಈ ವರುಷವೇ ನೆಡಲಿ. ಹಳೆಯದನ್ನು ತೆಗೆಯುವ ದಿನ ಬಂದಾಗ ಅಂಗಳವೂ ಬರಿದಾಗುವುದಿಲ್ಲ, ಕಾಡಿಗೂ ಕೇಡಾಗುವುದಿಲ್ಲ.